ಹಿಂದಿನ ಎಡಚಕ್ರ

ಗಾನ್ ಗಾನ್ ದಾಟಿದ ಮೇಲೆ ನನಗದು ಕೇಳಿಸಿತು,
ಜಲ್ಲಿರಸ್ತೆಯ ಗದ್ದಲದ ಅಡಿಯಲ್ಲಿ
ಯಾರೋ ಒಬ್ಬರೇ ಕೂತು ಬೀಸುಕಲ್ಲು ತಿರುವಿದ ಹಾಗೆ.
ದೆಲ್ಮಿರಾ ಅತ್ತೆಗೆ ಕೇಳಿಸುವುದಿಲ್ಲ.
ಮೂವತ್ತು ವರ್ಷ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ
ಯಂತ್ರದ ಮಗ್ಗುಲಲ್ಲೇ ನಿಂತು ದುಡಿದವಳು;
ಎರಡು ಕಿವಿಯನ್ನೂ ಅಲ್ಲೇ ಬಿಟ್ಟು ಬಂದಳು
ಮೊಳೆಗೆ ನೇತುಹಾಕಿ ಮರೆತ ಕೋಟಿನ ಹಾಗೆ.

ಹೇಳಲೋ ಬೇಡವೋ ಎಂದು ಅವಳತ್ತ ತಿರುಗುವಷ್ಟರಲ್ಲಿ
"ಹಿಂದಿನ ಎಡಚಕ್ರ," ಅಂದಳು.
"ವಾರವಾಯಿತು. ಸೀಟಿನಿಂದ ಬೆನ್ನಿಗೆ ಹತ್ತುತ್ತಿದೆ."

ಎಪ್ಪತ್ತನಾಲ್ಕರ ಫೋರ್ಡು. ಬಣ್ಣ ಏನಿತ್ತೋ,
ಗಾಳಿ ತಿಂದುಳಿಸಿದ್ದು ಒಣಮೂಳೆಯ ಬಣ್ಣ.
ಗೋಡೆಯ ಮರೆಗೆ ನಿಲ್ಲಿಸಿದೆವು.
ಇಲ್ಲಿ ಕೈಜಾರಿದ ಕಾಗದ ನೇರ ಸಮುದ್ರ ಸೇರುತ್ತದೆ.
ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜ್ಯಾಕ್ ಎತ್ತಿ,
ಅಚ್ಚಿನಡಿ ದಿಮ್ಮಿ ತೂರಿಸಿ,
ನಟ್ಟು ಬಿಚ್ಚಿದೆ. ಡ್ರಮ್ ಬರಲೊಲ್ಲದು.
"ಹೊಡಿ," ಅಂದಳು. ಹೊಡೆದೆ.
"ಅದೇನು ನಿನ್ನತ್ತೆಯ ತಲೆಯೇ? ಜೋರಾಗಿ!"
ನಾಲ್ಕನೆಯ ಏಟಿಗೆ ತುಕ್ಕು ಝರಝರ ಉದುರಿ
ಮುನಿಸು ಮುಗಿದವರಂತೆ ತಾನಾಗಿ ಜಾರಿ ಬಂತು.

ಒಳಗೆಲ್ಲ ಎಣ್ಣೆ. ಕಪ್ಪಗೆ, ಕೊಳೆತ ಮೊಟ್ಟೆಯ ನಾತ.
ಹಿಡಿದು ನಿಲ್ಲಿಸಬೇಕಾದ ಶೂಗಳು
ಅಭ್ಯಂಜನ ಮಾಡಿಕೊಂಡು ಕೂತಿದ್ದವು.
ಬ್ರೇಕ್ ಒತ್ತಿದಾಗೆಲ್ಲ ಗಾಡಿ ಬಲಕ್ಕೆ ಎಳೆಯುತ್ತಿದ್ದುದು
ಇದಕ್ಕೇ.

"ಬಲಗಡೆಯ ಡ್ರಮ್ಮನ್ನೂ ತೆಗೆ. ಒಳಗೆ ಮಾತ್ರ ಕೈಯಿಡಬೇಡ,"
ಇದು ಅತ್ತೆಯ ಶಾಸ್ತ್ರ.
"ಒಂದು ಬಿಚ್ಚಿದಾಗ ಇನ್ನೊಂದು ಹಾಗೇ ಇರಬೇಕು.
ಯಾವ ಸ್ಪ್ರಿಂಗು ಎಲ್ಲಿತ್ತೆಂದು ಕೇಳಲು
ಮತ್ತಾರಿದ್ದಾರೆ ಇಲ್ಲಿ?"

ಅಚ್ಚನ್ನು ಎಳೆದೆವು, ಕುರಿ ಈಯಿಸುವವರ ಹಾಗೆ,
ಒಂದು ಕಾಲು ಒದೆಗೊಟ್ಟು, ಮೆಲ್ಲಗೆ ಅಲುಗಿಸುತ್ತ.
ಬೇರಿಂಗಿನ ಗುಂಡುಗಳಲ್ಲಿ ಎರಡು ಸವೆದು
ಕಡಲೆಕಾಳಿನಂತೆ ಮೂತಿ ಮೂಡಿತ್ತು.
ಅದರ ಹಿಂದೆ, ರಬ್ಬರ್ ಸೀಲ್ ಇರಬೇಕಾದಲ್ಲಿ,
ಒಂದು ಚರ್ಮದ ಬಳೆ.
ಚೂರಿಯಲ್ಲಿ ಕೊಯ್ದದ್ದು. ಅಂಚಿಗೆ
ಹಳೆಯ ಹೊಲಿಗೆಯ ಏಳು ತೂತು.

ಅತ್ತೆ ಒರೆಸಿದಳು, ಬೆಳಕಿಗೆ ಹಿಡಿದಳು, ಮೂಸಿದಳು.
"ಅನ್ಸೆಲ್ಮೊ," ಅಂದಳು. ಮಾವ ಸತ್ತ ಮೇಲೆ
ಅವಳ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು.
"ಇದು ನನ್ನಪ್ಪನ ಜೀನು.
ಇದರ ಪಟ್ಟಿ ಕದ್ದನೆಂದು ರುಫಿನೊನನ್ನು ಓಡಿಸಿದೆ.
ಹದಿನಾರರ ಹುಡುಗ. ಜೂನ್ ತಿಂಗಳು, ಹಿಮ ಬೇರೆ.
ಇವನು ಇದೇ ಗೋಡೆಗೆ ಒರಗಿ
ನೋಡುತ್ತ ನಿಂತಿದ್ದ. ತುಟಿ ಅಲುಗಲಿಲ್ಲ.
ಆಗ ನನಗಿನ್ನೂ ಕಿವಿ ಕೇಳಿಸುತ್ತಿತ್ತು."

ಆಮೇಲೆ ಮಾತಿಲ್ಲ.
ಹಳೆಯ ಉಂಗುರವನ್ನು ಉಳಿಯಿಟ್ಟು ಸೀಳಿದೆ, ಠಣ್ಣೆಂದಿತು.
ಹೊಸ ಬೇರಿಂಗನ್ನು ನೀರಿನ ಪೈಪಿನ ತುಂಡಿಟ್ಟು
ಸುತ್ತಲೂ ಸಮನಾಗಿ ಬಡಿದು ಕೂರಿಸಿದೆ.
ತ್ರೆಲೆವ್‌ನಿಂದ ತಂದ ಸೀಲಿನ ತುಟಿಗೆ
ಅತ್ತೆ ಬೆರಳಿನಿಂದ ಎಣ್ಣೆ ಸವರಿದಳು.
ಗಿಡ್ಡ ಶೂ ಮುಂದಕ್ಕೆ, ಉದ್ದದ್ದು ಹಿಂದಕ್ಕೆ;
ಕೊನೆಯ ಸ್ಪ್ರಿಂಗು ಎರಡು ಸಲ ಹಾರಿ
ನನ್ನ ಹೆಬ್ಬೆರಳಿನ ಸಿಪ್ಪೆ ಸುಲಿದು, ಮೂರನೆಯ ಸಲ
ಲಟಕ್ಕನೆ ಕೂತಿತು.

ಇಳಿಜಾರಿನಲ್ಲಿ ಪರೀಕ್ಷೆ. ಅತ್ತೆ ಒಮ್ಮೆಲೇ ಒತ್ತಿದಳು.
ಗಾಡಿ ನೆಟ್ಟಗೆ ನಿಂತಿತು. ನಮ್ಮದೇ ಧೂಳು
ನಮ್ಮನ್ನು ದಾಟಿ ಮುಂದೆ ಹೋಯಿತು.
"ಏನಾದರೂ ಕೇಳಿಸುತ್ತಾ?"
ತಲೆಯಾಡಿಸಿದೆ, ಇಲ್ಲವೆಂದು. ನಂಬಲಿಲ್ಲ;
ಅಂಗೈಯನ್ನು ಬಾಗಿಲಿಗೆ ಅಂಟಿಸಿ ಅರ್ಧ ಮೈಲಿ ಓಡಿಸಿದಳು.

ಮನೆಯ ಗೇಟು ಬಂತು, ಹೋಯಿತು.
ಕವಲಿನಲ್ಲಿ ತೆಲ್ಸೆನ್ ಕಡೆಗೆ ತಿರುಗಿಸಿದಳು.
ಗಾಜಿನ ಕೆಳಗೆ ಆ ಚರ್ಮದ ಬಳೆ
ಎಣ್ಣೆಯ ಗುರುತು ಬಿಡುತ್ತ ಅತ್ತಿತ್ತ ಜಾರುತ್ತಿತ್ತು.
"ಅವನ ತಾಯಿ ಅಲ್ಲೇ ಇದ್ದಳು," ಅಂದಳು, ನನಗಲ್ಲ.
"ಅವನಿಗೀಗ ಮೂವತ್ತೈದಾದರೂ ಆಗಿರಬೇಕು."