ಇತರೆ

ಫಾರಂನಲ್ಲಿ ಎರಡೇ ಚೌಕ: ಒಪ್ಪಿಗೆ, ವಿರೋಧ.
ಕೆಳಗೆ ‘ಇತರೆ’ ಅಂತ ಒಂದು ಗೆರೆ,
ಬೆರಳುದ್ದ.

ಬಾಗಲೂರು ರಸ್ತೆಯಿಂದ ಎರಡು ಕಿಲೋಮೀಟರು ಒಳಗೆ
ಬೋಳಬಂಡೆ ಪಾಳ್ಯದ ಕ್ವಾರಿಯ ದಂಡೆಗೆ ಶಾಮಿಯಾನ.
ನನಗೆ ದಿನಕ್ಕೆ ಆರುನೂರು, ಊಟ, ಒಂದು ನೀಲಿ ಪೆನ್ನು.
ಕೇಳಬೇಕಾದ್ದು ಒಂದೇ:
ಈ ಗುಂಡಿ ತುಂಬಿಸಿ ಪಾರ್ಕು ಮಾಡ್ತೀವಿ, ಏನಂತೀರಿ?

ಮೊದಲು ಎದುರಿನ ಅಪಾರ್ಟ್‌ಮೆಂಟಿನ ಸುಹಾಸಿನಿ ಮೇಡಂ,
ಹದಿನಾಲ್ಕನೇ ಮಹಡಿ.
ಪರದೆ ಸರಿಸಿದರೆ ಹಸಿರು ನೀರು, ನೋಡೋಕೆ ಚೆನ್ನ,
ಆದರೆ ಸೊಳ್ಳೆ. ಆದರೆ ವಾಸನೆ. ಆದರೆ
ಮೇ ತಿಂಗಳಲ್ಲಿ ಈಜಲು ಇಳಿದ ಆ ಮೂರು ಹುಡುಗರು...
ಅಲ್ಲಿಗೇ ನಿಲ್ಲಿಸಿ ಒಪ್ಪಿಗೆಗೆ ಟಿಕ್ ಹಾಕಿದರು.

ಸೈಜುಗಲ್ಲು ಒಡೆಯುತ್ತಿದ್ದ ಗುರವಣ್ಣ ಕುರ್ಚಿ ಬೇಡವೆಂದ,
ಕೂತರೆ ಉಸಿರು ಸಿಗಲ್ಲವಂತೆ.
ಎರಡು ಮಾತಿಗೊಂದು ಕೆಮ್ಮು, ಪ್ರತಿ ಕೆಮ್ಮಿಗೂ ಕ್ಷಮೆ.
“ನೀವೇನ್ ತುಂಬಿಸ್ತೀರಿ, ಅರ್ಧ ನಾನೇ ತುಂಬ್ಕೊಂಡಿದೀನಿ”
ಎದೆ ತಟ್ಟಿಕೊಂಡ. ನಕ್ಕ.
ದೂಳಿನ ಪರಿಹಾರಕ್ಕೆ ಇದರಲ್ಲಿ ಜಾಗವಿಲ್ಲ ಅಂದೆ.
“ಗೊತ್ತಮ್ಮ, ಹೋದ ಸಲದ ಫಾರಂನಲ್ಲೂ ಇರ್ಲಿಲ್ಲ.
ಎರಡಕ್ಕೂ ಹಾಕು.”
ಎರಡಕ್ಕೂ ಹಾಕಿದೆ.

ಆರೋಗ್ಯಮೇರಿ ಬಂದಾಗ ಕೈಯಲ್ಲಿ ಇನ್ನೂ ಬಲೆಯ ನೀರು.
ಜಿಲೇಬಿ ಮೀನು ಕಿಲೋಗೆ ನೂರ ಇಪ್ಪತ್ತು,
ಮಗಳ ನರ್ಸಿಂಗ್ ಫೀಸು ಪೂರ್ತಿ ಈ ನೀರಲ್ಲೇ ಇದೆ.
ವಿರೋಧ. ಪೆನ್ನಿನ ಗುರುತು
ಕಾಗದದ ಹಿಂಬದಿಗೂ ಮೂಡಿತು.
ಅವಳ ಹಿಂದೆ ಒಗೆಯುವವರು, ಅವರ ಹಿಂದೆ
ಆಡುಗಳಿಗೂ ಗೇಟು ಬಿಡ್ತೀರಾ ಎಂದು ಕೇಳಿದ ಹುಡುಗ.
ಹದಿನೆಂಟು ತುಂಬಿರಲಿಲ್ಲ, ಲೆಕ್ಕಕ್ಕಿಲ್ಲ.

ಲಾರಿಯ ಖಲಂದರ್ ನೋಟ್‌ಬುಕ್ಕು ತಂದಿದ್ದ.
ಹದಿನೇಳು ವರ್ಷ, ದಿನಕ್ಕೆ ಐದು ಲೋಡು.
“ಇಲ್ಲಿಂದ ಹೋಗಿದ್ದು ಎಲ್ಲಿದೆ ಹೇಳ್ಲಾ?
ನೀವು ಬಸ್ಸಿಳಿದ ಕಟ್ಟೆ. ಮೆಟ್ರೋ ಕಂಬದ ಜಲ್ಲಿ.
ಕೋರಮಂಗಲದ ಪಾಯ, ಕಲ್ಪಳ್ಳಿಯ ಗೋರಿ.
ಗುಡ್ಡ ಎಲ್ಲೂ ಹೋಗಿಲ್ಲ ಮೇಡಂ,
ಬಾಡಿಗೆ ಮನೆಗಳಲ್ಲಿದೆ.”
ತುಂಬಿಸೋ ಕೆಮ್ಮಣ್ಣು?
“ಅದನ್ನೂ ನಾನೇ ಹೊಡೀತಿರೋದು. ದೇವನಹಳ್ಳಿ ಆಚೆ
ಒಂದು ದಿಬ್ಬ ಇತ್ತು. ಈಗ ಅಲ್ಲೊಂದು ಗುಂಡಿ.
ಅದಕ್ಕೂ ಶಾಮಿಯಾನ ಹಾಕ್ತಾರಾ?”
ನಾನು ಪೆನ್ನಿನ ಮುಚ್ಚಳ ಹುಡುಕಿದೆ.
ಅವನು ಫಾರಂ ಖಾಲಿ ಬಿಟ್ಟು ಎದ್ದ.

ಚಿತ್ರಾನ್ನದ ಪೊಟ್ಟಣ ಬಂದಾಗ ಸಾಲು ಕರಗಿತು.
ಒಬ್ಬಳು ಮಾತ್ರ ನಿಂತಿದ್ದಳು, ಪೋಲಮ್ಮ,
ಅವರೆಲ್ಲ ಉಂಡು ಹೋಗಲಿ ಎಂದು ಕಾಯುವಂತೆ.

“ಕುಳಿಗೆ ಮದ್ದು ಇಟ್ಟಿದ್ರು. ಆರು ಸಿಡೀತು, ಒಂದು ಸಿಡೀಲಿಲ್ಲ.
ನಮ್ಮನೆಯವ್ರು ನೋಡಕ್ಕೆ ಹೋದ್ರು.
ಹನ್ನೆರಡೂವರೆ.
ಸಿಕ್ಕಷ್ಟು ತಂದು ಮಣ್ಣು ಮಾಡಿದ್ವಿ. ಮಿಕ್ಕಿದ್ದು
ಇಲ್ಲೇ.”
ಗುಂಡಿಯನ್ನು ತೋರಿಸಲಿಲ್ಲ,
ಗಾಳಿಯಲ್ಲಿ ಒಮ್ಮೆ ಕೈ ಆಡಿಸಿದಳು.

ಹಾಗಾದರೆ ಮುಟ್ಟಬಾರದಾ, ಕೇಳಿದೆ.
“ಅಯ್ಯೋ, ಮುಚ್ಚಿ. ಗಿಡ ನೆಡಿ. ಬೆಂಚು ಹಾಕಿ.
ಅವ್ರು ಬಿಸಿಲಲ್ಲೇ ಇದ್ದೋರು, ನೆರಳು ಸಿಗ್ಲಿ.
ಆದ್ರೆ ಆ ಗೇಟಲ್ಲಿ ಏನೋ ಬರ್ದವ್ರಲ್ಲ,
ಓದಿ ಹೇಳು.”
ಓದಿದೆ: ಬೆಳಿಗ್ಗೆ ಐದರಿಂದ ಒಂಬತ್ತು,
ಸಂಜೆ ನಾಲ್ಕರಿಂದ ಏಳು.

ಸ್ವಲ್ಪ ಹೊತ್ತು ಸುಮ್ಮನಿದ್ದು, ತಪ್ಪು ತನ್ನದೇ ಎಂಬಂತೆ,
“ನಾನು ಬರೋದು ಮಧ್ಯಾಹ್ನ” ಅಂದಳು.

ಬೆರಳುದ್ದದ ಗೆರೆ ನೋಡಿದೆ. ಬರೆದೆ.

ಐದು ಗಂಟೆಗೆ ಇಂಜಿನಿಯರು ಲೆಕ್ಕ ಕೇಳಿದರು.
ಒಪ್ಪಿಗೆ ಹನ್ನೊಂದು, ವಿರೋಧ ಒಂಬತ್ತು,
ಅಸಿಂಧು ಎರಡು.
ಇತರೆ?
ಒಂದು ಮಧ್ಯಾಹ್ನ.
ಹಾಗಂದ್ರೆ?

ಗೇಟಿನ ಬೋರ್ಡಿನ ಕಡೆ ಬೆರಳು ಮಾಡಿದೆ.
ತೀರಾ ಹತ್ತಿರ ಹೋಗಿದ್ದೆನೇನೋ,
ಬಣ್ಣ ಇನ್ನೂ ಆರಿರಲಿಲ್ಲ,
ಬೆರಳಿಗೆ ಹತ್ತಿತು.