ಮೊದಲು ಎಲ್ಲಿ ಹುಡುಕಬೇಕು

ಕೆಂಪಕ್ಷರದಲ್ಲಿ ಒಂದೇ ಸಾಲು: ತರಲಾಗಲಿಲ್ಲ.
ಕ್ಲಾಕ್ಸ್‌ವಿಕ್ ಬಂದರು, ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಕೋಣೆ,
ಗುರುವಾರ, ಗಾಳಿ ಕಿಟಕಿಗೆ ಉಪ್ಪು ಎರಚುತ್ತಿದೆ.
ನಾನು ದೀಪದ ದೋಣಿಯವನು. ತೇಲುದೀಪಗಳನ್ನು
ಎತ್ತುವುದು, ಕೆರೆಯುವುದು, ಮತ್ತೆ ಇಳಿಸುವುದು ನನ್ನ ಕೆಲಸ;
ಅವುಗಳ ತಲೆಯೊಳಗಿನದು ರನ್ವಾಳದು.

'ನಿನ್ನೆ ಕಟ್ಟಿದ್ದು ಇವತ್ತೇಕೆ ಕಟ್ಟಲೊಲ್ಲದು?
ಏನು ಬದಲಿಸಿದೆ?'
'ನಾನೇನೂ ಮುಟ್ಟಿಲ್ಲ, ಹಾನುಸ್.
ಆಚೆ ಯಾರೋ ಇಲ್ಲವಾಗಿದ್ದಾರೆ.'

ಇನ್ನೂರ ಹದಿನೇಳು ಗಂಟುಗಳಂತೆ.
ಪ್ರತಿ ಸಲವೂ ಅವಳ ಯಂತ್ರ ಮನೆಮನೆ ತಟ್ಟಿ
ಒಂದೊಂದನ್ನೇ ಬೇಡಿ ತಂದು, ಬಿಚ್ಚಿ, ಬೆಸೆದು
ದೀಪಕ್ಕೊಂದು ಬುದ್ಧಿ ಕಟ್ಟುತ್ತದಂತೆ.
ನೂರ ಎಂಬತ್ತೊಂಬತ್ತನೆಯದು,
ಉಬ್ಬರದ ಲೆಕ್ಕ ಹಾಕುವ ಚಿಕ್ಕ ಗಂಟು,
ಹ್ಯಾಲಿಫ್ಯಾಕ್ಸಿನ ಒಂದು ನೆಲಮಾಳಿಗೆಯಿಂದ ಬರುತ್ತಿತ್ತು.
ನನಗೆ ನಗು ಬಂತು: ನಮ್ಮ ಬಂಡೆಗಳ ಕಾವಲು
ಯಾರದೋ ಮನೆಯ ಮೆಟ್ಟಿಲ ಕೆಳಗೆ!

ನಗು ಸಂಜೆಯವರೆಗೆ ಉಳಿಯಲಿಲ್ಲ.
ರನ್ವಾಳ ಪತ್ರಕ್ಕೆ ಅಲ್ಲಿಂದ ಮಗಳು ಉತ್ತರ ಬರೆದಳು:
'ಅಪ್ಪ ಹೋಗಿ ಇಪ್ಪತ್ತು ದಿನ. ಬುಧವಾರ ಪ್ಲಗ್ ಕಿತ್ತೆ.
ಆ ಪೆಟ್ಟಿಗೆ ಯಾರಿಗಾಗಿ ಗುಂಯ್‌ಗುಟ್ಟುತ್ತಿತ್ತೋ
ನಮಗೆ ಗೊತ್ತಿರಲಿಲ್ಲ.'

ಬೇರೆಲ್ಲೋ ಒಂದು ಪ್ರತಿ ಸಿಕ್ಕಿತು.
ಅದೇ ಹೆಸರು, ಅದೇ ತೂಕ, ಮೊಹರು ಮಾತ್ರ ಬೇರೆ.
ಅರವತ್ತನಾಲ್ಕು ಅಕ್ಷರದ ಮೊಹರು;
ಒಳಗೊಂದು ಚುಕ್ಕೆ ಸರಿದರೂ
ಪೂರ್ತಿ ಮುಖ ತಿರುಗಿಸುತ್ತದಂತೆ.
'ಪರೀಕ್ಷೆ ಆರಿಸಿಬಿಡು' ಎಂದೆ. 'ಸೋಮವಾರ ಹೊರಡಬೇಕು.'
ಆರಿಸುವ ಸಾಲೂ ಇದೆ, ಬರೆಯಲು ಬರುತ್ತದೆ.
ಅವಳು ಬರೆಯಲಿಲ್ಲ.
ಹೆಸರು ಹೇಳಿಕೊಂಡು ಬಂದವರೆಲ್ಲ ನೆಂಟರಲ್ಲ.

ಶುಕ್ರವಾರ ಮಾರ್ಯುನ್ ನೆನಪಾದಳು,
ರನ್ವಾಗಿಂತ ಮೊದಲು ಆ ಕುರ್ಚಿ ಸವೆಸಿದವಳು.
ವಿಯಾರೈಯಿಯಲ್ಲಿ ಈಗ ಕುರಿ ಸಾಕುತ್ತಾಳೆ.
ಗಾಳಿಮನೆಯ ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿದಳು,
ಒಣಗುವ ಮಾಂಸದ ವಾಸನೆ ಕೀಲಿಗಳ ಸಂದಿಗೂ ಇಳಿದಿತ್ತು.
ಬೆರಳಗಲದ ಸಂದು ಬಿಟ್ಟು ಹೊಡೆದ ಹಲಗೆಗಳು:
ಗಾಳಿಗೆ ದಾರಿ, ಮಳೆಗಿಲ್ಲ.
'ತಿನ್ನುವುದಕ್ಕೆಲ್ಲ ಹಡಗು ಕಾಯುವವರು
ಈ ದ್ವೀಪದಲ್ಲಿ ಫೆಬ್ರವರಿ ದಾಟುವುದಿಲ್ಲ' ಎಂದಳು,
ನಮಗೋ ಕುರಿಗಳಿಗೋ ತಿಳಿಯಲಿಲ್ಲ.

ಇತ್ತು. ಎಲ್ಲ ಇತ್ತು.
ರನ್ವಾ ಮೊಹರಿನ ಅಕ್ಷರಗಳನ್ನು ಬಾಯಿಬಿಟ್ಟು ಓದಿದಳು,
ನಾನು ಗೋಡೆಗೊರಗಿ ಎಣಿಸಿದೆ, ಅರವತ್ತನಾಲ್ಕು.

ಅಂದೇ ರಾತ್ರಿ ಕಡತಕ್ಕೆ ಹೊಸ ಸಾಲುಗಳು ಬಂದವು.
ಬಾಯಾರಿದ ಮೇಲೆ ತೋಡಿದ ಬಾವಿ, ಒಪ್ಪುತ್ತೇನೆ,
ಆದರೂ ಬಾವಿ.
ಮೊದಲು ನಮ್ಮ ಉಗ್ರಾಣ.
ಅಲ್ಲಿಲ್ಲದಿದ್ದರೆ ಟೋರ್ಶಾವ್ನ್‌ನ ಕನ್ನಡಿ.
(ಬೇರೆ ಊರಲ್ಲಿಟ್ಟ ಪ್ರತಿಗೆ ಅವರು ಕನ್ನಡಿ ಎನ್ನುತ್ತಾರೆ.
ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಅಂತ ಕೇಳಿದ್ದೆ;
ಇದು ಸಿಗುವ ಕನ್ನಡಿ.)
ಮೂಲದ ಮನೆಯ ಕದ ತಟ್ಟುವುದು ಕೊನೆಗೆ,
ಅದೂ ಹೊಸದೇನಾದರೂ ಬೇಕಾದಾಗ.

ಆಮೇಲೆ, ನನಗೆ ಹೆದರಿಕೆಯಾದ ಸಾಲು:
ಹೊರಗೆ ಹೋಗಬೇಡ.
ಸಾಲಿನ ಮೇಲೂ ನಂಬಿಕೆ ಸಾಲದೆ
ಗೋಡೆಯಿಂದ ತಂತಿಯನ್ನೇ ಎಳೆದಳು.
ಯಂತ್ರ ಎಣಿಸತೊಡಗಿತು. ನೂರ ಎಂಬತ್ತೆಂಟು.
ಮುಂದಿನದರಲ್ಲಿ ಸ್ವಲ್ಪ ತಡೆಯಿತು,
ಅಥವಾ ನಾನು ಉಸಿರು ಬಿಡುವುದು ತಡವಾಯಿತು.

ಕಟ್ಟಿ ಮುಗಿದಾಗ ಮೂರು ಗಂಟೆ.
ಕಡತದ ತಲೆಯಲ್ಲಿ ಇನ್ನೊಂದು ಸಾಲು ಕಂಡಿತು:
ಲಾಕ್ಲನ್ ಬೂಟಿಲಿಯರ್, ಹ್ಯಾಲಿಫ್ಯಾಕ್ಸ್, ಮೆಟ್ಟಿಲ ಕೆಳಗೆ.
'ಇದೇನು ಮಾಡುತ್ತದೆ?'
'ಏನೂ ಮಾಡುವುದಿಲ್ಲ. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ'
ಎನ್ನುತ್ತಲೇ ಅವಳು ಹೆಸರಿನ ಕಾಗುಣಿತವನ್ನು
ಮಗಳ ಪತ್ರದೊಂದಿಗೆ ಮತ್ತೊಮ್ಮೆ ಹೋಲಿಸಿದಳು.