ಒಣ ಬೂಟು

ಮಂಗಳವಾರ, ಶುಕ್ರವಾರ, ಎರಡರಿಂದ ನಾಲ್ಕು.
ಬೀಗದ ಕೈ ನನ್ನ ಹತ್ತಿರವೇ. ಮನೆ ಈಗ ನನ್ನದಲ್ಲ.
ಸ್ಕಾರ್‌ನೆಸ್ಸಿನ ಕೊನೆಯ ಮನೆ, ಉತ್ತರದ ಗಾಳಿಗೆ
ಮುಖ ಕೊಡಲಾರದೆ ಕಡಲಿಗೆ ಭುಜ ತಿರುಗಿಸಿ ನಿಂತದ್ದು.
ಟಿಕೆಟ್ಟು ಎರಡು ಪೌಂಡು. ಮಕ್ಕಳಿಗೆ ಇಲ್ಲ. ನಾಯಿ ಹೊರಗೆ.

ಗೋಡೆಯೊಳಗಿನ ಈ ಪೆಟ್ಟಿಗೆಮಂಚದಲ್ಲಿ
ನಾವು ನಾಲ್ವರು ಮಲಗುತ್ತಿದ್ದೆವು,
ಒಬ್ಬರ ಮೂಗಿಗೆ ಇನ್ನೊಬ್ಬರ ಹಿಮ್ಮಡಿ.
ಈಗ ಅಡ್ಡ ಹಗ್ಗವಿದೆ. ‘ಮುಟ್ಟಬೇಡಿ’ ಎಂದು ಬರೆದವಳು ನಾನೇ,
ಕಾರ್ಯದರ್ಶಿ ಫಿನ್ಲೇಟರ್ ಹೇಳಿದಂತೆ, ದುಂಡಗೆ.
ಮೊನ್ನೆ ದಿಂಬು ಸರಿಮಾಡಲು ಚಾಚಿದ ಕೈ
ನನ್ನ ಅಕ್ಷರಕ್ಕೇ ಹೆದರಿ ಹಿಂದೆ ಬಂತು.

ಬಂದವರೆಲ್ಲ ನಿಲ್ಲುವುದು ಬೂಟಿನ ಮುಂದೆ.
ಗಾಜಿನ ಪೆಟ್ಟಿಗೆ, ಒಳಗೊಂದು ಪುಟ್ಟ ದೀಪ:
‘ಬೆಸ್ತ ಗಿಲ್ಬರ್ಟ್ ಮೇರ್ ಅವರ ಚರ್ಮದ ಬೂಟು, ಸುಮಾರು ೧೯೦೫.’
ನನ್ನಜ್ಜ.
ಎಷ್ಟು ಚೆನ್ನಾಗಿ ಉಳಿದಿದೆ ಅನ್ನುತ್ತಾರೆ,
ಒಂದು ಉಪ್ಪಿನ ಕಲೆಯೂ ಇಲ್ಲವಲ್ಲ!

ಇರುವುದಾದರೂ ಹೇಗೆ?
ಆಗಿನ್ನೂ ಊರಿಗೆ ದೋಣಿಕಟ್ಟೆ ಇರಲಿಲ್ಲ.
ಜನವರಿಯ ನಸುಕಿಗೆ ಎಲ್ಸ್‌ಪೆಟ್ ಅಜ್ಜಿ
ಲಂಗ ಎತ್ತಿ ಕಟ್ಟಿ, ಆರಡಿ ಆಳನ್ನು
ಕೂಸುಮರಿ ಮಾಡಿಕೊಂಡು
ಸೊಂಟದುದ್ದದ ನೀರಲ್ಲಿ ನಡೆದು ದೋಣಿಗೆ ಇಳಿಸಿ ಬರುತ್ತಿದ್ದಳು.
ಒಂದು ಚಳಿಗಾಲ ಪೂರ್ತಿ
ಬೆನ್ನಿಗೊಬ್ಬ, ಬಸಿರಲ್ಲೊಬ್ಬ. ಬಸಿರಲ್ಲಿದ್ದವನು ನನ್ನಪ್ಪ.
ಗಂಡಸು ಒದ್ದೆ ಕಾಲಲ್ಲಿ ದಿನವಿಡೀ ಕಡಲಲ್ಲಿ ಕೂರಲಾದೀತೆ?
ಹೆಂಗಸಾದರೆ ಮನೆಗೆ ಬಂದು ಒಲೆಯ ಮುಂದೆ ಒಣಗುತ್ತಾಳೆ.
ಹಾಗಂತ ಊರು ಹೇಳುತ್ತಿತ್ತು.
ಒಲೆಯ ಮುಂದೆ ಸಾವಿರದ ಇನ್ನೂರು ಗಾಳ ಕಾದಿರುತ್ತಿದ್ದವು,
ಒಂದೊಂದಕ್ಕೂ ಒಂದು ಚಿಪ್ಪು ಬಿಡಿಸಿ ಚುಚ್ಚಬೇಕಿತ್ತು.

ಚೀಟಿಗೆ ಒಂದು ಸಾಲು ಸೇರಿಸೋಣ ಅಂದೆ.
‘ತೋರಿಸಲು ವಸ್ತು ಬೇಕಲ್ಲ, ಜೆಸಿಮೀನಾ’ ಅಂದರು ಫಿನ್ಲೇಟರ್.
ಒಳ್ಳೆಯ ಮನುಷ್ಯ. ಲೆಕ್ಕದಲ್ಲಿ ಒಂದು ಪೆನ್ನಿ ತಪ್ಪುವುದಿಲ್ಲ.

ವಸ್ತು ಇದೆ. ನೀಲಿ ಉಣ್ಣೆಯ ಲಂಗ.
ಸವೆದ ಮೇಲೆ ಪಟ್ಟಿ ಪಟ್ಟಿಯಾಗಿ ಹರಿದು
ಗೋಣಿಗೆ ಪೋಣಿಸಿ ಅಜ್ಜಿಯೇ ಮಾಡಿದ ಕಾಲೊರೆಸು,
ಹೊಸ್ತಿಲಲ್ಲೇ ಬಿದ್ದಿದೆ. ನಂಬರಿಲ್ಲ, ದೀಪವಿಲ್ಲ.
ಅದರ ಮೇಲೆ ನಿಂತೇ ಎಲ್ಲರೂ
ಬೂಟು ಎಲ್ಲಿದೆ ಎಂದು ಕೇಳುತ್ತಾರೆ.

ಹೋದ ಶುಕ್ರವಾರ ಮಳೆ. ಹದಿನೇಳು ಜನ.
ಬೀಗ ಹಾಕುವ ಮುಂಚೆ ಕೊಡವೋಣ ಎಂದು ಎತ್ತಿದೆ.
ಏನು ಭಾರ! ತೊಟ್ಟಿಕ್ಕುತ್ತಿತ್ತು.
ಒಲೆಯಲ್ಲಿ ಈಗ ಬೆಂಕಿಯಿಲ್ಲ,
ಕೆಂಡದಂತೆ ಕಾಣುವ ಕೆಂಪು ಬಲ್ಬು.
ಆದರೂ ಅದರ ಮುಂದೆಯೇ ಹರವಿ,
ಸ್ವಿಚ್ಚು ಆರಿಸದೆ ಬಂದೆ.